ಚೌಕ ಹುಡುಕಿದ ಮುಖ

"ಅಷ್ಟು ಬಿಗಿಯಾಗಿ ಹಿಡೀಬೇಡಿ, ಅದೇನು ಓಡಿಹೋಗಲ್ಲ."

ಅವರು ನನಗೆ ಹೇಳಿದ ಮೊದಲ ಮಾತು ಅದು. ನನ್ನ ಕೈಯಲ್ಲಿದ್ದದ್ದು ಅಂಗೈಯಷ್ಟೇ ಇದ್ದ ಮಿರರ್‌ಲೆಸ್ ಕ್ಯಾಮೆರಾ. ಹಿಡಿಯಲು ಮೂರು ಬೆರಳಿಗಷ್ಟೇ ಜಾಗ. ಕಿರುಬೆರಳು ಕೂರಲು ಕುರ್ಚಿ ಸಿಗದ ನೆಂಟನ ಹಾಗೆ ಗಾಳಿಯಲ್ಲಿ ನಿಂತಿತ್ತು.

"ಕಿರುಬೆರಳನ್ನ ಅಡಿಗೆ ಮಡಚಿ. ಗುಂಡಿ ಅರ್ಧ ಮಾತ್ರ ಒತ್ತಿ. ಪರದೆ ಮೇಲೆ ಹಸಿರು ಚೌಕ ಬಂತಾ? ಈಗ ಉಸಿರು ಬಿಟ್ಟು ಪೂರ್ತಿ ಒತ್ತಿ."

ಒತ್ತಿದೆ. ಸದ್ದೇ ಇಲ್ಲ.

"ಆಯ್ತಾ?"

"ಆಯ್ತಲ್ಲ! ಗೊತ್ತೇ ಆಗ್ಲಿಲ್ವಾ?"

ತಲೆ ಎತ್ತಿದೆ. ಅವರ ಕನ್ನಡಕ ಮೂಗಿನ ತುದಿಗೆ ಜಾರಿ ಬಂದಿತ್ತು. ಇಪ್ಪತ್ತೊಂದು ವರ್ಷದಿಂದ ಕನ್ನಡಕದ ಅಂಗಡಿಯಲ್ಲಿ ಜನರ ಮುಖಕ್ಕೆ ಫ್ರೇಮು ಕೂರಿಸುವುದೇ ನನ್ನ ಕೆಲಸ. ಎಡಗಡೆಯ ಕಡ್ಡಿ ಸಡಿಲ, ಎರಡೇ ನಿಮಿಷ ಸಾಕು ಎಂದು ಬೆರಳು ತುರಿಸಿತು. ತಡೆದುಕೊಂಡೆ.

ಕೊಳ್ಳುವ ಮೊದಲು ಕೈಯಲ್ಲಿ ಹಿಡಿದು ಕಲಿಯಿರಿ ಎಂದು ಅವರು ತಮ್ಮ ಕ್ಯಾಮೆರಾ ಅಂಗಡಿಯಲ್ಲೇ ನಡೆಸುತ್ತಿದ್ದ, ಎಂಟು ಭಾನುವಾರಗಳ ತರಗತಿ ಅದು. ನಾವು ಏಳು ಜನ ಹವ್ಯಾಸಿಗಳು. ಎಲ್ಲರೂ ಅವರನ್ನು ಮೇಷ್ಟ್ರೇ ಎನ್ನುತ್ತಿದ್ದೆವು. ನಾನು ಅವರಿಗೆ "ಕನ್ನಡಕದವರು". ಅವರ ಮದುವೆ ಮುರಿದು ಒಂಬತ್ತು ವರ್ಷವಾಯಿತಂತೆ ಎಂಬ ಸುದ್ದಿಯನ್ನು ಪಕ್ಕದಲ್ಲಿ ಕೂರುತ್ತಿದ್ದ ಹಲ್ಲಿನ ಡಾಕ್ಟರಮ್ಮ ಎರಡನೆಯ ವಾರವೇ ನನ್ನ ಕಿವಿಗೆ ಹಾಕಿದರು.

"ನನಗ್ಯಾಕೆ ಹೇಳ್ತೀರಿ?" ಎಂದೆ.

"ಸುಮ್ನೆ," ಎಂದು ಡಾಕ್ಟರಮ್ಮ ತಮ್ಮ ಅಷ್ಟೂ ಹಲ್ಲು ತೋರಿಸಿದರು.

ಮೂರನೆಯ ವಾರ ಮೇಷ್ಟ್ರು ತಮ್ಮ ಕುತ್ತಿಗೆಯಲ್ಲಿ ಸದಾ ತೂಗುತ್ತಿದ್ದ ಸ್ವಂತ ಕ್ಯಾಮೆರಾ ತೋರಿಸಿ ಪಾಠ ಮಾಡಿದರು. "ಇದು ಮುಖ ನೆನಪಿಟ್ಕೊಳ್ಳುತ್ತೆ. ಒಂದ್ಸಲ ಪರಿಚಯ ಮಾಡಿಕೊಟ್ರೆ ಸಾಕು, ಎಷ್ಟು ಜನರ ಮಧ್ಯೆ ಇದ್ರೂ ಚೌಕ ಆ ಮುಖಕ್ಕೇ ಹೋಗಿ ಕೂರುತ್ತೆ." ಒಬ್ಬೊಬ್ಬರನ್ನೇ ಕಿಟಕಿಯ ಹತ್ತಿರ ನಿಲ್ಲಿಸಿ ಏಳು ಮುಖಗಳನ್ನೂ ಅದಕ್ಕೆ ಪರಿಚಯಿಸಿದರು. ನನ್ನ ಸರದಿಯಲ್ಲಿ ಡಾಕ್ಟರಮ್ಮ ಹಿಂದಿನಿಂದ ಏನೋ ಅಂದರು, ನನಗೆ ನಗು ಬಂತು.

"ಹೆದರಬೇಡಿ, ಸಂಜೆ ಎಲ್ಲಾ ಅಳಿಸಿಬಿಡ್ತೀನಿ," ಎಂದರು ಮೇಷ್ಟ್ರು.

ನಾನು ಮಾತ್ರ ಮುಖಗಳ ತಂಟೆಗೆ ಹೋಗಲಿಲ್ಲ. ಖಾಲಿ ಕುರ್ಚಿ, ಒದ್ದೆ ಕೊಡೆ, ಗಾಜಿನ ಲೋಟದೊಳಗೆ ಬಗ್ಗಿ ನಿಂತ ಬೆಳಕು. ಇಂಥವೇ ನನ್ನ ಚಿತ್ರಗಳು.

"ಬೆಳಕು ಚೆನ್ನಾಗಿ ನೋಡ್ತೀರಿ," ಎಂದರು ಒಂದು ವಾರ. "ಮುಖ ಕಂಡ್ರೆ ಮಾತ್ರ ಯಾಕೆ ತಪ್ಪಿಸ್ಕೊಳ್ತೀರಿ?"

"ವಾರವೆಲ್ಲಾ ಮುಖಾನೇ ನೋಡ್ತೀನಿ ಮೇಷ್ಟ್ರೇ. ಭಾನುವಾರ ರಜೆ."

ಎಲ್ಲರೂ ನಕ್ಕರು. ಅವರು ನಗಲಿಲ್ಲ, ಜಾರಿದ ಕನ್ನಡಕದ ಮೇಲಿನಿಂದ ನನ್ನನ್ನೇ ನೋಡಿದರು. ನಾನು ಲೆನ್ಸಿನ ಉಂಗುರ ತಿರುಗಿಸುತ್ತಾ ಕೂತೆ. ನನ್ನ ಚಿತ್ರ ಅವರಿಗೆ ಹಿಡಿಸಿಲ್ಲ ಎಂದುಕೊಂಡೆ.

ನಿಜ ಹೇಳಬೇಕೆಂದರೆ, ನನ್ನದು ಕನ್ನಡಿಯ ಹಿಂದೆ ನಿಲ್ಲುವ ಕೆಲಸ. "ನೋಡ್ಕೊಳ್ಳಿ, ಹೇಗಿದೆ?" ಎಂದು ಬಂದವರಿಗೆಲ್ಲ ಕನ್ನಡಿ ಹಿಡಿಯುತ್ತೇನೆ. ಹಿಡಿದವಳ ಮುಖ ಅದರಲ್ಲಿ ಬರುವುದಿಲ್ಲ. ಅಮ್ಮ ಹೋದ ಮೇಲೆ ತಂಗಿಯನ್ನು ಓದಿಸಿ, ಮದುವೆ ಮಾಡಿ, ತಿರುಗಿ ನೋಡುವಷ್ಟರಲ್ಲಿ ನಲವತ್ತನಾಲ್ಕಾಗಿತ್ತು.

ಏಳನೆಯ ವಾರ ತಂಗಿಯ ಫೋನು ಬಂತು. "ಅಕ್ಕಾ, ಕೆಲಸ ಬಿಟ್ಟು ನಮ್ಮಲ್ಲಿಗೇ ಬಂದ್ಬಿಡು. ಪಾಪೂಗೆ ನೀನಂದ್ರೆ ಜೀವ. ಹಿಂದಿನ ರೂಮು ನಿನಗೇ ಅಂತ ಖಾಲಿ ಮಾಡಿದೀನಿ. ಸೋಮವಾರದೊಳಗೆ ಹೇಳು, ಇಲ್ಲಾಂದ್ರೆ ಬೇರೆ ಆಯಾನ ಹುಡುಕ್ಬೇಕು. ಅಲ್ಲಾ, ನಿನಗೆ ಅಲ್ಲಿ ಯಾರಿದಾರೆ?"

ಬೇರೆ ಆಯಾ. ಪ್ರೀತಿಯಿಂದಲೇ ಅಂದಿದ್ದಳು ಪಾಪ. ಆದರೂ ಆ ಮಾತು ಕಣ್ಣಿಗೆ ಬಿದ್ದ ಕಸದ ಹಾಗೆ ಉಳಿಯಿತು. ಯೋಚಿಸಿ ಹೇಳ್ತೀನಿ ಎಂದು ಫೋನು ಇಟ್ಟೆ.

ಕೊನೆಯ ವಾರದ ಹೋಂವರ್ಕು: ಮನೆಯವರ ಮುಖಗಳು. ಶನಿವಾರ ತಂಗಿಯ ಊರಿಗೆ ಹೋಗುತ್ತೇನೆ ಎಂದೆ. ತರಗತಿಯ ಕ್ಯಾಮೆರಾಗಳು ಅಂಗಡಿಯ ಹೊಸಿಲು ದಾಟುವಂತಿರಲಿಲ್ಲ. ಮೇಷ್ಟ್ರು ತಮ್ಮದನ್ನೇ ಕುತ್ತಿಗೆಯಿಂದ ತೆಗೆದು ಕೊಟ್ಟರು.

"ಬ್ಯಾಟರಿ ಬೇಗ ಮುಗಿಯುತ್ತೆ, ಇನ್ನೊಂದು ಇಟ್ಕೊಳ್ಳಿ."

ಅದರ ಕುತ್ತಿಗೆಪಟ್ಟಿ ಇನ್ನೂ ಬೆಚ್ಚಗಿತ್ತು.

ತಂಗಿ ಬೀರುವಿನ ನಿಲುಗನ್ನಡಿಗೆ ಬೆನ್ನು ಮಾಡಿ, ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡಳು. ನಾನು ಪರದೆಯನ್ನು ಮೇಲಕ್ಕೆ ಮಡಚಿ, ಕ್ಯಾಮೆರಾವನ್ನು ಎದೆಯ ಮಟ್ಟಕ್ಕೆ ಹಿಡಿದು ಗುಂಡಿಯನ್ನು ಅರ್ಧ ಒತ್ತಿದೆ. ಚೌಕ ತಂಗಿಯ ಮುಖದ ಮೇಲೆ ಬಂತು, ನಿಲ್ಲಲಿಲ್ಲ. ಅವಳನ್ನು ದಾಟಿ ಕನ್ನಡಿಗೆ ಹಾರಿತು. ಮತ್ತೆ ಒತ್ತಿದೆ. ಮತ್ತೆ ಹಾರಿತು.

"ಏನಕ್ಕಾ ಇದು! ನಾವಿಬ್ರೂ ಮಸುಕು, ಹಿಂದೆ ನೀನು ಮಾತ್ರ ಫಳಫಳ! ಫೋಟೋ ನಮ್ದೋ, ನಿಂದೋ?"

ಚಿತ್ರದ ಕನ್ನಡಿಯಲ್ಲಿ ಒಬ್ಬ ಹೆಂಗಸು ಕುತ್ತಿಗೆ ಬಗ್ಗಿಸಿ ನಿಂತಿದ್ದಳು. ಕಿವಿಯ ಬಳಿ ನಾಲ್ಕು ಬೆಳ್ಳಿ ಕೂದಲು, ಕೆಲಸದಲ್ಲಿ ಮುಳುಗಿ ಚೂರೇ ತೆರೆದ ತುಟಿ. ಕೆಟ್ಟದಾಗೇನೂ ಇರಲಿಲ್ಲ. ಯಾರೋ ಪುರುಸೊತ್ತಿನಿಂದ ಅವಳನ್ನು ನೋಡಿದ ಹಾಗಿತ್ತು.

ಭಾನುವಾರ ಎಲ್ಲರಿಗಿಂತ ಅರ್ಧ ಗಂಟೆ ಮುಂಚೆ ಅಂಗಡಿಗೆ ಹೋದೆ.

"ಮೇಷ್ಟ್ರೇ, ನಿಮ್ಮ ಕ್ಯಾಮೆರಾ ಕೆಟ್ಟಿದೆ. ನಾನು ಬೀಳಿಸಿಲ್ಲ, ಆಣೆಗೂ."

ಅವರು ಚಿತ್ರಗಳನ್ನು ನೋಡಿದರು. ಒಂದು, ಎರಡು, ಐದು. ಅವರ ಕಿವಿ ಕೆಂಪಾಯಿತು.

"ಕೆಟ್ಟಿಲ್ಲ," ಎಂದರು.

"ಮತ್ತೆ?"

"ನಿಮಗೆ ಕೊಡೋ ಮುಂಚೆ ಒಂದು ಅಳಿಸ್ಬೇಕಿತ್ತು. ಮರೆತೆ."

ಪರದೆಯನ್ನು ನನ್ನ ಕಡೆ ತಿರುಗಿಸಿದರು. ನೆನಪಿಟ್ಟ ಮುಖಗಳ ಪಟ್ಟಿ. ಅದರಲ್ಲಿ ಇದ್ದದ್ದು ಒಂದೇ ಮುಖ: ಕಿಟಕಿಯ ಬೆಳಕಿನಲ್ಲಿ ನಗುತ್ತಿದ್ದ ನಾನು.

"ಆರು ಜನರನ್ನ ಆವತ್ತೇ ಅಳಿಸಿದೆ. ಏಳನೇದಕ್ಕೆ ಕೈ ಬರ್ಲಿಲ್ಲ. ನಾಳೆ ನಾಳೆ ಅಂತ..." ಅವರ ದನಿ ತಗ್ಗಿತು. "ತಪ್ಪು ನಂದೇ. ನಿಮ್ಮನ್ನ ಒಂದು ಮಾತು ಕೇಳ್ಬೇಕಿತ್ತು. ಈಗ್ಲೇ ತೆಗೀತೀನಿ."

ಹೆಬ್ಬೆರಳು ಗುಂಡಿಯ ಮೇಲೆ ಹೋಯಿತು.

"ಅರ್ಧಕ್ಕೇ ನಿಲ್ಲಿಸಿ ಮೇಷ್ಟ್ರೇ," ಎಂದೆ.

ಅವರು ತಲೆ ಎತ್ತಿದರು. ಕನ್ನಡಕ ಎಂದಿನಂತೆ ಜಾರಿತು. ನಾನು ಬ್ಯಾಗಿನಿಂದ ಪುಟ್ಟ ಸ್ಕ್ರೂಡ್ರೈವರ್ ತೆಗೆದೆ.

"ಮೊದ್ಲು ಆ ಕನ್ನಡಕ ಇಲ್ಲಿ ಕೊಡಿ. ಎಂಟು ವಾರದಿಂದ ತಡ್ಕೊಂಡಿದೀನಿ."

ಕಡ್ಡಿ ಬಿಗಿ ಮಾಡಿ, ನನ್ನ ಕೈಯಿಂದಲೇ ಅವರ ಮುಖಕ್ಕೆ ಕೂರಿಸಿದೆ. "ನೇರವಾಗಿ ನನ್ನ ಕಣ್ಣು ನೋಡಿ." ಸಾವಿರಾರು ಜನಕ್ಕೆ ಹೇಳಿದ ಮಾತು. ಅವತ್ತು ಮಾತ್ರ ಹೇಳಿದ ಮೇಲೂ ಕೈ ಕಡ್ಡಿಯ ಮೇಲೇ ಉಳಿಯಿತು.

"ನೋಡ್ತಾನೇ ಇದೀನಿ," ಎಂದರು. "ನೀವೇ ಲೆನ್ಸ್ ತಿರುಗಿಸ್ಕೊಂಡು ಕೂತಿದ್ರಿ."

ಸೋಮವಾರದವರೆಗೆ ಕಾಯಲಿಲ್ಲ. ಅಲ್ಲೇ ನಿಂತು ತಂಗಿಗೆ ಫೋನು ಮಾಡಿದೆ. "ಪಾಪೂನ ನೋಡೋಕೆ ಬರ್ತಾ ಇರ್ತೀನಿ ಕಣೇ. ಇರೋಕೆ ಬರಲ್ಲ."

"ಯಾಕಕ್ಕಾ? ಅಲ್ಲಿ ಯಾರಿದಾರೆ?"

"ಫೋಟೋ ಕಳಿಸ್ತೀನಿ, ನೋಡು."

ಕ್ಯಾಮೆರಾದ ಪರದೆಯನ್ನು ನಮ್ಮ ಕಡೆ ತಿರುಗಿಸಿ ಕೈ ಚಾಚಿದೆ. ಅವರು ಪಕ್ಕಕ್ಕೆ ಬಂದು, ಒಂದು ಗೇಣು ಬಿಟ್ಟು ನಿಂತರು. ಇನ್ನೂ ಹತ್ತಿರ ಎಂದೆ. ಚೌಕ ನನ್ನ ಮುಖದ ಮೇಲೆ ಕೂತು ಅಲ್ಲಾಡಲಿಲ್ಲ.

"ನೋಡಿ, ಸ್ವಂತ ಯಜಮಾನರ ಗುರುತೇ ಇಲ್ಲ ಇದಕ್ಕೆ."

"ನೀವೇ ಪರಿಚಯ ಮಾಡಿಕೊಡಿ," ಎಂದರು.

ಅವರ ಭುಜ ಹಿಡಿದು ಕಿಟಕಿಯ ಬೆಳಕಿಗೆ ತಿರುಗಿಸಿ ನಿಲ್ಲಿಸಿದೆ. ಕಿರುಬೆರಳು ತಾನಾಗಿಯೇ ಅಡಿಗೆ ಮಡಚಿಕೊಂಡಿತು. ಉಸಿರು ಬಿಟ್ಟು, ಪೂರ್ತಿ ಒತ್ತಿದೆ.