ಊಳಿಡುವ ಪೈಪು, ಬೆಂದ ಬೇಳೆ

ಪಾಲಿಕೆ ನೀರು ಬಿಡುವ ದಿನ ಬೆಳಗ್ಗೆ ಶಕುಂತಲಮ್ಮ ಸಂಪಿನ ಮುಚ್ಚಳ ಎತ್ತಿದರು. ತಳದ ಸಿಮೆಂಟು ಕಾಣುತ್ತಿತ್ತು. ಗೋಡೆಯೊಳಗಿನ ಪೈಪು ಮಾತ್ರ ಗೊರಗೊರ ಊಳಿಡುತ್ತಿತ್ತು. ಮತ್ತೆ ಯಾರೋ ನೀರು ಕದ್ದಿದ್ದರು.

ಆ ಸದ್ದು ಕೇಳಿ ಕೇಳಿ ಅವರಿಗೆ ತಲೆ ಚಿಟ್ಟು ಹಿಡಿದಿತ್ತು. ಪ್ಲಂಬರ್ ಕಾಂತೇಶ ಕ್ಲಾಂಪ್ ಬಿಗಿ ಮಾಡಿದ, ವಾಲ್ವ್ ಬದಲಿಸಿದ, ಕೊನೆಗೆ ಗೋಡೆಯನ್ನೇ ಒಡೆಯಲು ಹೊರಟ. ಶಕುಂತಲಮ್ಮನ ಅನುಮಾನ ಮಹಡಿ ಮೇಲೆ ಬಾಡಿಗೆಗಿದ್ದ ಮೋನಿಕಾ ಮೇಲೆ. ಅಂತರಸನಹಳ್ಳಿ ಕಾರ್ಖಾನೆಯಲ್ಲಿ ಕೆಲಸ, ಮನೆಯಲ್ಲಿ ಹೊಸ ವಾಷಿಂಗ್ ಮೆಷಿನ್. ಇನ್ನೇನು ಬೇಕು? ಇವತ್ತೇ ಮನೆ ಖಾಲಿ ಮಾಡು ಅಂದುಬಿಟ್ಟಿದ್ದರು.

"ಆಂಟಿ, ಮೆಷಿನ್ ಮುಟ್ಟಿ ವಾರ ಆಯ್ತು. ನಂಗೂ ನೀರಿಲ್ಲ," ಮೋನಿಕಾ ಸಿಡುಕಿದಳು. "ಮಗಳಿಗೆ ಪರೀಕ್ಷೆ ನಡೀತೈತೆ. ಈಗ ಎಲ್ಲಿಗೋಗ್ಲಿ?"

ಶಕುಂತಲಮ್ಮ ಅಂಗಳದ ನಲ್ಲಿ ತಿರುಗಿಸಿದರು. ಸಿಟ್ಟಿನಲ್ಲಿ ಅದರ ಬಾಯಿಗೆ ಅಂಗೈ ಒತ್ತಿದರು. ನಲ್ಲಿ ಅಂಗೈಯನ್ನು ಒಳಕ್ಕೆ ಹೀರಿತು!

ಅಷ್ಟರಲ್ಲಿ ಕರೆಂಟ್ ಹೋಯಿತು. ಪೈಪು ಸುಮ್ಮನಾಯಿತು. ನಲ್ಲಿಯಲ್ಲಿ ಸಣ್ಣಗೆ ನೀರು ಬಂತು. ಕರೆಂಟ್ ಬಂದ ತಕ್ಷಣ ಮತ್ತೆ ಅದೇ ಊಳು.

"ನಲ್ಲಿ ನೀರಿಗೆ ಕರೆಂಟ್ ಯಾಕೆ ಬೇಕು?" ಎಂದರು ಶಕುಂತಲಮ್ಮ.

* * *

ಗೊಣಗುತ್ತಲೇ ಕುಕ್ಕರ್ ಮುಚ್ಚಳ ತೆಗೆದರು. ಬೇಳೆ ಬೆಣ್ಣೆಯ ಹಾಗೆ ಬೆಂದಿತ್ತು. ಬೇಯಲು ಇಟ್ಟಿದ್ದು ಬೀದಿಯ ಹಿರಿಯರಾದ ಏಕಾಂತಯ್ಯ ಎಲ್ಲರಿಗೂ ದಾನ ಕೊಡುವ ತಮ್ಮ ಬೋರ್‌ವೆಲ್ ನೀರಲ್ಲಿ. ಆದರೆ ಈ ಬೀದಿಯ ಗಡಸು ಬೋರ್ ನೀರಲ್ಲಿ ಬೇಳೆ ಎಷ್ಟು ಕೂಗು ಹಾಕಿಸಿದರೂ ಬೇಯುವುದಿಲ್ಲ!

"ಮೋನಿಕಾ, ನಲ್ಲಿ ಹತ್ರ ನಿಂತ್ಕೋ. ಫೋನ್ ಮಾಡ್ತೀನಿ, ಕಟ್ ಮಾಡ್ಬೇಡ," ಎಂದು ಹೊರಟರು.

* * *

ಏಕಾಂತಯ್ಯನ ಗೇಟಿನಲ್ಲಿ ಬಿಂದಿಗೆಗಳ ಸಾಲು. "ಶಿವನ ನೀರು ಕಣ್ರಮ್ಮ, ಚೆಲ್ಲಬೇಡಿ," ಎಂದು ಅವರು ಉಪದೇಶ ಮಾಡುತ್ತಿದ್ದರು. ಸಾಲಿನಲ್ಲಿ ನಿಂತಿದ್ದ ಓಬಳಮ್ಮ ಭಕ್ತಿಯಿಂದ ಕೈ ಮುಗಿದಳು.

ಶಕುಂತಲಮ್ಮ ಸೀದಾ ಒಳಗೆ ನುಗ್ಗಿ ಮೋಟಾರಿನ ಸ್ವಿಚ್ ಆರಿಸಿದರು.

ಫೋನಿನಲ್ಲಿ ಮೋನಿಕಾ ಕೂಗಿದಳು. "ಆಂಟಿ, ಪೈಪ್ ಸುಮ್ಕಾಯ್ತು! ನೀರು ಬರ್ತೈತೆ!"

"ಅದು ಬೋರ್ ಮೋಟಾರ್ ಕಣಮ್ಮ," ಏಕಾಂತಯ್ಯ ತೊದಲಿದರು.

"ಬೋರ್ ನೀರಲ್ಲಿ ಬೇಳೆ ಬೇಯ್ತದಾ ಏಕಾಂತಯ್ಯನೋರೆ? ನಿಮ್ಮ ಬೋರ್ ಬತ್ತಿದೆ. ಬೀದಿ ಲೈನಿಗೇ ಮೋಟಾರ್ ಹಾಕಿದೀರ. ನೀವು ಎಳೆದಾಗ ನಮ್ಮ ಪೈಪಲ್ಲಿ ಬರೀ ಗಾಳಿ. ಅದಕ್ಕೇ ಊಳು, ಅದಕ್ಕೇ ನಲ್ಲಿ ಕೈ ಹೀರಿದ್ದು. ಕರೆಂಟ್ ಹೋದಾಗ ನಿಮ್ಮ ಮೋಟಾರ್ ನಿಂತಿತು, ನಮಗೆ ನೀರು ಬಂತು."

"ನಾನೇನು ಮಾರ್ಕೊಂಡ್ನಾ? ಎಲ್ರಿಗೂ ಹಂಚ್ದೆ ತಾನೆ!"

"ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ! ನಮ್ಮ ನೀರಿಗೆ ನಿಮಗೆ ಕೈ ಮುಗಿದ್ವಲ್ಲ, ಅದನ್ನ ವಾಪಸ್ ಕೊಡ್ತೀರಾ?"

ಓಬಳಮ್ಮ ಆಗಲೇ ಪಾಲಿಕೆಗೆ ಫೋನ್ ಮಾಡುತ್ತಿದ್ದಳು.

* * *

ಮನೆಗೆ ಬಂದರೆ ಮೆಟ್ಟಿಲ ತುಂಬ ಬೆಳಗ್ಗೆಯೇ ಕಟ್ಟಿದ್ದ ಗಂಟುಮೂಟೆ. ಮೋನಿಕಾ ಪಕ್ಕದಲ್ಲೇ ಕೂತಿದ್ದಳು. ಶಕುಂತಲಮ್ಮನಿಗೆ ನಾಚಿಕೆಯಾಯಿತು.

"ತಪ್ಪಾಯ್ತು ಕಣೇ. ಎಲ್ಲೂ ಹೋಗ್ಬೇಡ. ಗಂಟು ಬಿಚ್ಚು."

"ಕಟ್ಸಿದ್ದು ನೀವು ಆಂಟಿ. ನೀವೇ ಬಿಚ್ಚಿ."

ಶಕುಂತಲಮ್ಮ ಸೊಂಟ ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತರು. ಮೊದಲ ಗಂಟಿಗೆ ಕೈ ಹಾಕಿದರು.