ಪಾಲಿನ ಗೋಡೆ

"ಎಲ್ಲಾ ನೋಡಿ, ಬೇಕಾದ್ದು ಮುಟ್ಟಿ. ನಡುಮನೆಯ ಆ ಗೋಡೆ ಮಾತ್ರ ಬಡೀಬೇಡಿ," ಎಂದಳು ಮನೆ ಮಾರಲು ನಿಂತ ಮುದುಕಿ.

ಬಡಿಯುವುದೇ ಮನೆ ನೋಡಲು ಬಂದವನ ಕಸುಬು. ಹಳೇ ಕಟ್ಟಡಗಳ ಗೋಡೆಗೆ ಬೆರಳ ಗೆಣ್ಣಿನಿಂದ ತಟ್ಟಿ, ಕಿವಿಯಿಟ್ಟು, ಒಳಗೆ ಗಟ್ಟಿಯೋ ಟೊಳ್ಳೋ ಎಂದು ಹೇಳುವ ಇಂಜಿನಿಯರ್. ನೆಂಟರ ಮನೆಗೆ ಹೋದರೂ ಗೋಡೆ ತಟ್ಟದೆ ಕೂರುವುದಿಲ್ಲ ಎಂದು ಹೆಂಡತಿ ಆಡಿಕೊಳ್ಳುತ್ತಿದ್ದಳು.

"ಯಾಕಜ್ಜಿ, ಗೋಡೆಗೆ ನೋವಾಗುತ್ತಾ?"

ಮುದುಕಿ ನಗಲಿಲ್ಲ. "ಅಣ್ಣ ತಮ್ಮ ಬೇರೆಯಾದಾಗ ಎಬ್ಬಿಸಿದ ಗೋಡೆ. ಪಾಲು ಸಾಲಲಿಲ್ಲ ಅಂತ ನನ್ನ ಮೈದುನ ಅದರೊಳಗೆ ಮಾಟ ಮಾಡಿಸಿಟ್ಟ. ಬಡಿದವರ ಮನೆಯಿಂದ ಒಬ್ಬರನ್ನ ತನ್ನ ಪಾಲಿಗೆ ಕೇಳುತ್ತೆ."

ಹೆಂಡತಿ ಅವನ ತೋಳು ಹಿಡಿದಳು. "ಬೇಡ ರೀ. ಅಕ್ಕನ ಬೀದೀಲಿ ನೋಡಿದ್ವಲ್ಲ, ಆ ಎರಡು ಕೋಣೆ ಮನೇನೇ ಸಾಕು. ಕರೆದ್ರೆ ಓಗೊಡೋರು ಹತ್ತಿರ ಇರ್ತಾರೆ."

"ಓಗೊಡೋಕೆ ನಾನಿಲ್ವಾ?"

ಮೊದಲ ಮನೆ ಎಲ್ಲಿ ಎಂಬ ಜಗಳ ಅವರಲ್ಲಿ ಬಹಳ ದಿನದಿಂದ ನಡೆದಿತ್ತು. ಅವಳಿಗೆ ನೆರೆಹೊರೆ ಬೇಕು, ಇವನಿಗೆ ವಿಶಾಲವಾದ ಹಜಾರ ಬೇಕು. ಮಾಟದ ಕತೆಯನ್ನೇ ಮುಂದಿಟ್ಟು ಬೆಲೆ ಇಳಿಸಿದ, ಗೆದ್ದೆ ಎಂದುಕೊಂಡ. ಅವಳ ಮಾತು ನೀರಲ್ಲಿ ಮಾಡಿದ ಹೋಮವಾಯಿತು.

ಸಾಮಾನು ಇಳಿಸಿದ ದಿನ ಮಟಮಟ ಮಧ್ಯಾಹ್ನ. ಕಿಟಕಿಗಳೆಲ್ಲ ತೆರೆದಿದ್ದರೂ ನಡುಮನೆಗೆ ಬೆಳಕು ಕಾಲಿಡಲಿಲ್ಲ. ಹಸಿ ಸುಣ್ಣದ ವಾಸನೆ, ಅದರಡಿಯಲ್ಲಿ ಸುಟ್ಟ ಕೂದಲಿನ ಕಮಟು. ಅಡುಗೆಮನೆಯಲ್ಲಿ ಹೆಂಡತಿ ಪಾತ್ರೆ ಜೋಡಿಸುವ ಸದ್ದು ಕೇಳುತ್ತಿತ್ತು. ಅವನ ಕೈ ತುರಿಸಿತು.

ಟಕ್. ಟಕ್.

ಟೊಳ್ಳು. "ನೋಡೇ, ನಿನ್ನ ಮಾಟ!" ಎಂದು ಕೂಗಿ ನಕ್ಕ.

ಒಳಗಿನಿಂದ ಟಕ್. ಟಕ್.

ಪಾತ್ರೆಯ ಸದ್ದು ನಿಂತಿತು. ಕರೆದ. ಓಡಿದ. ಒಲೆ ಉರಿಯುತ್ತಿತ್ತು. ಒದ್ದೆ ಲೋಟವೊಂದು ನೆಲದಲ್ಲಿ ಇನ್ನೂ ಉರುಳುತ್ತಿತ್ತು. ಹಿಂಬಾಗಿಲಿನ ಚಿಲಕ ಒಳಗಿನಿಂದ ಹಾಕಿದ್ದು ಹಾಕಿದಂತೆಯೇ ಇತ್ತು. ಅವಳಿಲ್ಲ. ಮತ್ತೆ ಟಕ್ ಟಕ್. ಈಗ ಅದರ ಜೊತೆ ಬಳೆಯ ಸದ್ದು. ಗೋಡೆಯೊಳಗಿಂದ, ತೀರಾ ಸಣ್ಣಗೆ, "ರೀ..."

ಹಾರೆ ತಂದ. ಎತ್ತಿದ. ಒಂದೇಟು ಹಾಕಿದ.

ಒಳಗೆ ಅವಳು ಚೀರಿದಳು. ಹಾರೆ ಕೈಜಾರಿತು. ಗೋಡೆಗೆ ನೋವಾಗುತ್ತಿತ್ತು.

ಮನೆ ಮಾರಿದ ಮೇಲೆ ಮುದುಕಿ ಸೇರಿದ್ದ ಬಾಡಿಗೆ ಕೋಣೆ ಹುಡುಕಿಕೊಂಡು ಓಡಿದ. ಬಾಗಿಲು ತೆರೆದೇ ಇತ್ತು. ಮಂಚದ ಮೇಲೆ ಒಬ್ಬ ಮುದುಕ, ತಲೆತುಂಬ ಸುಣ್ಣದ ಪುಡಿ, ಬೆಳಕಿಗೆ ಕಣ್ಣು ಬಿಡಲಾರದೆ ಕೂತಿದ್ದ. ಮುದುಕಿ ಅವನಿಗೆ ತುತ್ತಿಡುತ್ತಿದ್ದಳು.

"ನಮ್ಮ ಯಜಮಾನ್ರು," ಎಂದಳು. "ನಾನೂ ಒಂದಿನ ಹಟಕ್ಕೆ ಬಡಿದಿದ್ದೆ. ಹೊಸ ಪಾಲು ಸಿಕ್ಕಿದ್ರೆ ಅದು ಹಳೇದನ್ನ ಬಿಡುತ್ತೆ."

"ಗೊತ್ತಿದ್ದೂ ಮಾರಿದ್ರಾ?"

"ಬೇಡ ಅಂದಿದ್ನಲ್ಲಪ್ಪ. ಮಾಟದ ಕಟ್ಟೇ ಹಂಗೆ. ಮನೆ ಕೊಳ್ಳೋಕೆ ಬಂದೋರಿಗೆ ಮೊದಲು ಬೇಡ ಅನ್ನಬೇಕು, ಅವರು ಕೇಳಿಸಿಕೊಂಡೂ ಬಡೀಬೇಕು. ಎಷ್ಟೋ ಜನ ಬಂದ್ರು, ಹೆದರಿ ಹೋದ್ರು. ನಿಮ್ಮ ಕಸುಬು ಕೇಳಿದ ಮೇಲೇ ನಾನು ಬೆಲೆಗೆ ಒಪ್ಪಿದ್ದು."

ಅವನು ಮನೆಯ ಮುಂದೆ 'ಮಾರಾಟಕ್ಕಿದೆ' ಎಂದು ಹಲಗೆ ತೂಗುಹಾಕಿದ. ತನ್ನಂಥ ತಲೆಹರಟೆಗಳಿಗೆ ಲೋಕದಲ್ಲಿ ಬರವೇ ಎಂದು ಧೈರ್ಯ ತಂದುಕೊಂಡ. ಬಂದವರು ಬೆದರಿ ಹೋದರು, ಕೈಮುಗಿದು ಹೋದರು. ಜಗತ್ತಿನಲ್ಲಿ ಹೇಳಿದ ಮಾತು ಕೇಳುವವರು ಇಷ್ಟೊಂದು ಜನ ಇದ್ದಾರೆಂದು ಅವನಿಗೆ ಗೊತ್ತಿರಲಿಲ್ಲ.

ಕೊನೆಗೊಬ್ಬ ಬಂದ. ಎಲ್ಲಕ್ಕೂ ಮೂಗು ಮುರಿಯುವವನು, ಜೊತೆಗೆ ಹೆಂಡತಿ.

"ಆ ಗೋಡೆ ಮಾತ್ರ ಬಡೀಬೇಡಿ," ಎಂದ ಇವನು.

"ಯಾಕೆ, ಗೋಡೆ ಅಳುತ್ತಾ?" ಬಂದವನು ಗಹಗಹಿಸಿ ನಕ್ಕ. ಬೆರಳು ಮಡಿಸಿದ. ಕೈ ಎತ್ತಿದ. ಗೋಡೆಯ ಹತ್ತಿರ ತಂದ. ಇವನು ಒಳಗೊಳಗೇ ಅಂದುಕೊಂಡ: ಬಡಿ. ಬಡಿಯೋ ಮಾರಾಯ.

"ಬೇಡ ರೀ," ಎಂದಳು ಬಂದವನ ಹೆಂಡತಿ.

ಕೈ ಕೆಳಗಿಳಿಯಿತು. "ಆಯ್ತು ಬಿಡು, ನಿನಗೆ ಇಷ್ಟ ಇಲ್ದಿದ್ರೆ ಈ ಮನೇನೇ ಬೇಡ," ಎಂದು ಅವಳ ಕೈ ಹಿಡಿದುಕೊಂಡು ಹೊರಟುಹೋದ.

ಇವನು ಗೋಡೆಗೆ ಒರಗಿ ಕುಸಿದು ಕೂತ. ಬೆನ್ನ ಹಿಂದೆ ಬಳೆ ಸದ್ದಾಯಿತು.

"ರೀ... ಇದ್ದೀರಾ?"

"ಓ," ಎಂದ.