ಕೆಂಪು ಗುರುತಿನ ಗಲ್ಲಿ

ಹೊರಗೆ ಯಾರೋ ಗೋಡೆಗೆ ಬ್ರಷ್ ಸವರುವ ಸದ್ದು ಕೇಳಿದಾಗ ಅಖಿಲಾ ಮಗ್ಗದ ಕುಣಿಯಲ್ಲಿ ಕಾಲಿಟ್ಟು ನೇಯುತ್ತ ಕೂತಿದ್ದಳು. ಎದ್ದು ಬಂದು ನೋಡಿದರೆ ಬಾಗಿಲ ಪಕ್ಕ ದೊಡ್ಡದೊಂದು ಕೆಂಪು ಗುರುತು. ಅದರ ಮುಂದೆ ಬಣ್ಣದ ಡಬ್ಬಿ ಹಿಡಿದ ಉದ್ದನೆಯ ಗಂಡಸು. ಅಂಗಿಗೂ ಬಣ್ಣ, ಎಡಗಿವಿಗೂ ಬಣ್ಣ.

“ಯಾರ್ರಿ ನೀವು?”

“ಸುರೇಂದರ್ ಅಂತರಿ. ಮುನ್ಸಿಪಾಲಿಟಿಯಾಗ ಟೌನ್ ಪ್ಲಾನಿಂಗ್ ಕೆಲಸ.”

“ನಮ್ಮ ಗ್ವಾಡಿ ಏನ್ ತಪ್ಪು ಮಾಡೈತ್ರಿ?”

“ಏನೂ ಮಾಡಿಲ್ರಿ. ಮನಿ ಚಲೋ ಐತಿ. ಅದಕ್ಕ ಹಾಕೀನಿ.”

ಹಾಗಂದು ಅವನು ಪಕ್ಕದ ಮನೆಗೆ ಹೋದ. ಕಿವಿಯ ಬಣ್ಣದ ವಿಷಯ ಹೇಳಬೇಕೆಂದು ಅಖಿಲಾಗೆ ನಾಲಿಗೆ ತುದಿಗೆ ಬಂದಿತ್ತು. ಅಷ್ಟರಲ್ಲಿ ಅವನು ಮುಂದಿನ ಗೋಡೆಗೆ ಬ್ರಷ್ ಹಚ್ಚಿದ್ದ.

ನಾರಾಯಣಪೇಟೆಯ ನೇಕಾರರ ಗಲ್ಲಿಯಲ್ಲಿ ಕೆಂಪು ಗುರುತಿಗೆ ಇರುವುದು ಒಂದೇ ಅರ್ಥ. ರಸ್ತೆ ಅಗಲ ಮಾಡುತ್ತಾರೆ, ಮನೆ ಒಡೆಯುತ್ತಾರೆ. ಕಚೇರಿಯಲ್ಲಿ ಬೇರೆ ಬಣ್ಣ ಇರಲಿಲ್ಲವೆಂದು ಸುರೇಂದರ್ ಕೆಂಪನ್ನೇ ತಂದಿದ್ದ. ಸಂಜೆಯೊಳಗೆ ಗಲ್ಲಿಯ ಅರ್ಧ ಜನ ನಿವೇಶನ ಮಾರುವ ಏಜೆಂಟನ ಜೀಪು ಹತ್ತಿ, ಮಕ್ತಲ್ ರಸ್ತೆಯಲ್ಲಿ ‘ವೆಂಚರ್’ ಎಂದು ಕರೆಯುವ ಹೊಸ ಬಡಾವಣೆಯಲ್ಲಿ ಪ್ಲಾಟು ನೋಡಲು ಹೋಗಿದ್ದರು. ನಿನ್ನೆ ಮೊನ್ನೆಯವರೆಗೆ ಜೋಳ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಬಿಳಿ ಕಲ್ಲುಗಳು, ಬಣ್ಣದ ಬಾವುಟಗಳು.

ಅಖಿಲಾಳ ಅಪ್ಪ ಶಿವಯ್ಯ ಒಂದು ಪ್ಲಾಟು ಆರಿಸಿಯೇ ಬಂದ. “ಸೋಮವಾರ ಬಯಾನಾ ಅಂತ ಮುಂಗಡ ರೊಕ್ಕ ಕೊಡ್ತೀನಿ. ಒಡಿಯೂತನಕ ಕಾಯಾಕ ನನಗ ಹುಚ್ಚೇನು?”

“ಅಲ್ಲಿ ಹಾಸು ಎಳಿಯಾಕ ಯಾರು ಬರ್ತಾರ?” ಎಂದಳು ತಾಯಿ ತಿರುಪತಮ್ಮ.

ಶಿವಯ್ಯ ಚೆಂಬು ಎತ್ತಿ ನೀರು ಕುಡಿದ. ಸೀರೆಯ ಉದ್ದದ ಎಳೆಗಳಿಗೆ ಹಾಸು ಎನ್ನುತ್ತಾರೆ. ಮಗ್ಗಕ್ಕೆ ಏರಿಸುವ ಮುಂಚೆ ಅದನ್ನು ಗಲ್ಲಿಯುದ್ದಕ್ಕೂ ಬಿಗಿಯಾಗಿ ಎಳೆದು, ಹರಿದ ಎಳೆಗಳಿಗೆ ಗಂಟು ಹಾಕಬೇಕು. ಒಂದು ಮನೆಯವರಿಂದ ಆಗುವ ಕೆಲಸವಲ್ಲ. ಅಕ್ಕಪಕ್ಕದವರು ಬಂದು ಕೈ ಕೊಡಬೇಕು. ಎದುರು ಮನೆಯ ಯಂಕಣ್ಣನ ಕುಟುಂಬ ಹೋದ ವರ್ಷವೇ ವೆಂಚರಿಗೆ ಹೋದ ಮೇಲೆ ಕೈಗಳು ಕಡಿಮೆಯಾಗಿದ್ದವು. ಇನ್ನು ನಾಲ್ಕು ಮನೆ ಖಾಲಿಯಾದರೆ ಯಾರ ಮನೆಯಲ್ಲೂ ಮಗ್ಗ ಆಡುವುದಿಲ್ಲ. ಮಗ್ಗ ಬಿಟ್ಟು ಅಖಿಲಾಗೆ ಬೇರೆ ಕೆಲಸ ಬರುತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ.

ಮರುದಿನ ಅವಳು ನೆಟ್ಟಗೆ ಮುನ್ಸಿಪಾಲಿಟಿಗೆ ಹೋದಳು. ಸುರೇಂದರನ ಕಿವಿಯ ಬಣ್ಣ ಇನ್ನೂ ಹೋಗಿರಲಿಲ್ಲ.

“ಯಾವಾಗ ಒಡೀತೀರಿ, ಹೇಳಿಬಿಡ್ರಿ.”

“ಒಡಿಯೋದಾ? ಯಾರ್ ಹೇಳಿದ್ರು?” ಸುರೇಂದರ್ ಗಾಬರಿಯಿಂದ ನಕ್ಷೆ ಬಿಚ್ಚಿದ. ಊರಿನ ಸುತ್ತ ಒಂದು ಗೆರೆ ಎಳೆದಿದ್ದ. “ಈ ಗೆರಿ ಹೊರಗ ಹೊಲ ಹೊಲಾನ ಆಗಿರ್ಬೇಕ್ರಿ. ಇನ್ನ ಪ್ಲಾಟ್ ಬ್ಯಾಡ. ಒಳಗ ಖಾಲಿ ಬಿದ್ದ ಮನ್ಯಾಗ ಮತ್ತ ಜನ ಇರ್ಬೇಕು. ಕೆಳಗ ಅಂಗಡಿ, ಮ್ಯಾಲ ಮನಿ. ನೀರಿನ ಪೈಪು, ಚರಂಡಿ ಹೊಸಾದು. ಕೆಂಪು ಹಾಕಿದ್ದು ಮುಟ್ಟಬಾರದ ಮನಿ.”

“ಇದನ್ನ ಅವತ್ತೇ ಹೇಳಾಕ ಏನಾಗಿತ್ತು?”

“ಹೇಳಿದ್ನಲ್ರಿ, ಚಲೋ ಐತಿ ಅಂತ.”

ಅವಳಿಗೆ ನಗು ಬಂತು. ಮುಖ ತಿರುಗಿಸಿ ನುಂಗಿಕೊಂಡಳು. ಅವನು ಅದನ್ನು ನೋಡಿದ. ನೋಡಿದ್ದು ತಿಳಿಯಬಾರದೆಂದು ನಕ್ಷೆಯ ಮೇಲೆ ಇಲ್ಲದ ಧೂಳು ಒರೆಸಿದ.

“ಹೌದೂ, ನೀವೆಲ್ಲಿ ಇರ್ತೀರಿ?”

“ನಮ್ಮೂರು ಗದ್ವಾಲ್ ಆಚಿ, ಕೆ.ಟಿ. ದೊಡ್ಡಿ.”

“ಇಲ್ಲಿ ಎಲ್ಲಿ ಅಂತ ಕೇಳಿದ್ನಿ.”

ಸುರೇಂದರ್ ತಡವರಿಸಿದ. “ಮಕ್ತಲ್ ರೋಡಿಗೆ. ವೆಂಚರ್‌ನಾಗ ಬಾಡಿಗಿ ಮನಿ.”

“ಅಂದ್ರ ನಾವು ಊರಾಗ ಇರ್ಬೇಕು, ನೀವು ಹೊಲದಾಗ.”

ಅವನು ನಕ್ಷೆ ಸುತ್ತತೊಡಗಿದ. ಅಖಿಲಾ ಸಿಟ್ಟಿನಿಂದಲೇ ಹೊರಟಳು. ಮನೆ ಮುಟ್ಟುವಷ್ಟರಲ್ಲಿ ಸಿಟ್ಟು ಯಾಕೆಂದು ಅವಳಿಗೇ ಗೊತ್ತಾಗಿತ್ತು. ಆ ಮನುಷ್ಯ ಅವಳಿಗೆ ಇಷ್ಟವಾಗಿದ್ದ, ಅವನ ಮಾತು ಸುಳ್ಳಾಗುವುದು ಅವಳಿಗೆ ಬೇಡವಾಗಿತ್ತು. ನಕ್ಷೆಯ ಕಥೆಯನ್ನು ಅಪ್ಪನಿಗೆ ಹೇಳಿದಳು. “ಕಾಗದದ ಮ್ಯಾಲ ಎಲ್ಲಾ ಚಲೋನ ಇರ್ತೈತಿ” ಎಂದ ಶಿವಯ್ಯ.

ಭಾನುವಾರ ಬೆಳಿಗ್ಗೆ ಹಾಸು ಎಳೆಯುವ ಹೊತ್ತಿಗೆ ಒಂದು ಕೈ ಕಡಿಮೆ ಬಿತ್ತು. ಒಂದು ತುದಿಯಲ್ಲಿ ಶಿವಯ್ಯ ನಿಂತಿದ್ದ. ಇನ್ನೊಂದು ತುದಿಯ ಕೋಲು ಹಿಡಿಯಲು ಜನ ಇರಲಿಲ್ಲ. ಆಗ ಯಂಕಣ್ಣನ ಖಾಲಿ ಮನೆಯ ಬಾಗಿಲು ತೆರೆಯಿತು. ಒಳಗಿಂದ ಸುರೇಂದರ್ ಬಂದ, ತಲೆಯಲ್ಲಿ ಜೇಡರ ಬಲೆ.

“ನಾ ಹಿಡೀಲೇನ್ರಿ?”

ಯಾರೂ ಬೇಡ ಅನ್ನಲಿಲ್ಲ. ಅವನು ಕೋಲು ಹಿಡಿದು ಹಿಂದಕ್ಕೆ ಬಾಗಿ ನಿಂತ. ಅಖಿಲಾ ಅಪ್ಪನ ತುದಿಯಿಂದ ಶುರುಮಾಡಿದಳು. ಹರಿದ ಎಳೆ ಹುಡುಕುವುದು, ಗಂಟು ಹಾಕುವುದು, ಒಂದು ಹೆಜ್ಜೆ ಮುಂದೆ ಹೋಗುವುದು. ಅವನಿದ್ದ ತುದಿಗೆ ಬರುವಷ್ಟರಲ್ಲಿ ಬಿಸಿಲು ಏರಿತ್ತು.

“ಇಲ್ಲಿ ಯಾಕ ಬಂದ್ರಿ?” ಎಳೆಯಿಂದ ಕಣ್ಣೆತ್ತದೆ ಕೇಳಿದಳು.

“ಯಂಕಣ್ಣನ ಮನಿ ಬಾಡಿಗಿ ಹಿಡಿದೀನ್ರಿ. ಪ್ಲಾನ್ ಇನ್ನಾ ಮಂಜೂರಾಗಿಲ್ಲ. ಆಗ್ತೈತೋ ಇಲ್ಲೋ ಗೊತ್ತಿಲ್ಲ. ಆದ್ರ ನಾ ಮೊದಲು ಬರ್ಬೇಕಿತ್ತು.”

“ಬರೇ ಪ್ಲಾನ್ ಸಲುವಾಗಿ?”

ಸುರೇಂದರ್ ಆ ಕಡೆ ಈ ಕಡೆ ನೋಡಿದ. ಕೋಲು ಬಿಟ್ಟರೆ ಹಾಸೆಲ್ಲ ಸಿಕ್ಕಾಗುತ್ತದೆ. “ಓಡಿ ಹೋಗಾಕೂ ಬರಂಗಿಲ್ಲ, ಹೇಳೇ ಬಿಡ್ತೀನಿ. ನಿಮ್ಮ ಸಲುವಾಗಿ. ನೀವು ಆಫೀಸಿಗೆ ಬಂದು ಜಗಳ ಮಾಡಿದ ದಿನದಿಂದ ಬ್ಯಾರೆ ಯಾವ ಗೆರೀನೂ ನೆಟ್ಟಗ ಎಳಿಯಾಕ ಆಗವಲ್ದು.”

ಅಖಿಲಾಳ ಬೆರಳಲ್ಲಿದ್ದ ಗಂಟು ಜಾರಿತು. ಮತ್ತೆ ಹಾಕಿದಳು. ಮತ್ತೆ ಜಾರಿತು.

“ಸಾರ್, ಹಾಸು ಸಡಿಲಾಗಾಕತ್ತೈತಿ,” ಆ ತುದಿಯಿಂದ ಶಿವಯ್ಯ ಕೂಗಿದ. “ಗಟ್ಟಿ ಹಿಡೀರಿ.”

“ಹಿಡಿದೀನ್ರಿ ಮಾವಾ” ಅಂದುಬಿಟ್ಟ ಸುರೇಂದರ್. ಅಂದಮೇಲೆ ಅವನ ಕಿವಿ ಬಣ್ಣ ಇಲ್ಲದೆಯೇ ಕೆಂಪಾಯಿತು. ತಿರುಪತಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಸೋಮವಾರ ಏಜೆಂಟನ ಜೀಪು ಬಂತು. ಶಿವಯ್ಯ ಕಟ್ಟೆಯ ಮೇಲಿಂದ ಏಳಲಿಲ್ಲ. “ಒಡಿಯೋ ಗಲ್ಲಿಗೆ ಮುನ್ಸಿಪಾಲಿಟಿಯವ ತಾನ ಬಾಡಿಗಿಗೆ ಬರ್ತಾನೇನಪಾ? ಈಗ ಬ್ಯಾಡ, ಹೋಗು” ಎಂದ. ಜೀಪು ಮುಂದಿನ ಗಲ್ಲಿಗೆ ಹೋಯಿತು.

ಸಂಜೆ ಸುರೇಂದರ್ ಮನೆಗೆ ಬಂದಾಗ ಅವನದೇ ಬಣ್ಣದ ಡಬ್ಬಿ ಹಿಡಿದು ಅಖಿಲಾ ಅವನ ಬಾಗಿಲಲ್ಲಿ ನಿಂತಿದ್ದಳು. ಜನ ಇಲ್ಲದ ಮನೆಯೆಂದು ಅವನೇ ಗುರುತು ಹಾಕದೆ ಬಿಟ್ಟ ಗೋಡೆ ಅದು. ಈಗ ಅಲ್ಲಿ ಹಸಿ ಕೆಂಪು ಗುರುತು ಇತ್ತು, ಸ್ವಲ್ಪ ಸೊಟ್ಟಗೆ.

“ಇದೇನ್ರಿ?”

ಅಖಿಲಾ ಬ್ರಷ್ ಡಬ್ಬಿಯೊಳಗೆ ಇಟ್ಟಳು. ಈ ಸಲ ನಗು ನುಂಗಿಕೊಳ್ಳಲಿಲ್ಲ.

“ಚಲೋ ಐತಿ,” ಅವನನ್ನೇ ನೋಡುತ್ತ ಹೇಳಿದಳು. “ಅದಕ್ಕ ಹಾಕೀನಿ.”